ಅತ್ತೆಯ ಕಣ್ಣಿಗೆ ಬೀಳಬಾರದ ಕಂಪ್ಯೂಟರ್

ಫೆಲೆತಿಯ ಮನೆಯ ಹಿಂದೆ ಒಂದು ಮೆಟ್ಟಿಲಸಾಲು ಇದೆ. ಸಿಮೆಂಟಿನದು, ಗಟ್ಟಿಮುಟ್ಟಾದದ್ದು, ಹಿಡಿದುಕೊಳ್ಳಲು ಕಂಬಿಯೂ ಉಂಟು. ಹತ್ತುತ್ತಾ ಹೋದರೆ ನೇರ ಆಕಾಶ ಸಿಗುತ್ತದೆ. ಮಹಡಿ ಸಿಗುವುದಿಲ್ಲ, ಏಕೆಂದರೆ ಮಹಡಿ ಕಟ್ಟುವಷ್ಟರಲ್ಲಿ ಅವನಿಗೆ ನೀರಿನ ತೊಟ್ಟಿಯ ಹುಚ್ಚು ಹಿಡಿದಿತ್ತು. ತೊಟ್ಟಿಗೆ ನಲ್ಲಿ ಕೂರಿಸುವಷ್ಟರಲ್ಲಿ ದೋಣಿಯ ಹುಚ್ಚು. ದೋಣಿಯಲ್ಲಿ ಈಗ ಕೋಳಿಗಳು ಸಂಸಾರ ಹೂಡಿವೆ. ಊರವರು ಅವನನ್ನು ‘ಅರ್ಧಂಬರ್ಧ ಫೆಲೆತಿ’ ಎನ್ನುತ್ತಿದ್ದರು. ಅಷ್ಟನ್ನೂ ಮುಗಿಸುವ ತಾಳ್ಮೆಯಿಲ್ಲದವರು ಬರೀ ‘ಅರ್ಧ’ ಎಂದು ಕರೆದು ಕೆಲಸ ಮುಗಿಸುತ್ತಿದ್ದರು.

ಹೊಟ್ಟೆಪಾಡಿಗೆ ಅವನು ಟೊಂಗಾದ ರಾಜಧಾನಿ ನುಕುಅಲೋಫದ ಹಡಗುಕಟ್ಟೆಯಲ್ಲಿ ಸರಕು ತೂಗುವ ಗುಮಾಸ್ತ. ಹೋದ ಹಂಗಾಮಿನಲ್ಲಿ ರಜೆ ಹಾಕಿ, ಕಿವಿ ಹಣ್ಣಿನ ಬಳ್ಳಿ ಸವರುವ ಕೂಲಿಗೆಂದು ನ್ಯೂಜಿಲೆಂಡಿಗೆ ಹೋದವನು, ಆಕ್ಲೆಂಡಿನಲ್ಲಿ ಚಿಕ್ಕಪ್ಪನ ಮಗ ಕಾಲೆಪಿಯ ಮನೆಯಲ್ಲಿ ಒಂದು ಆಟ ನೋಡಿಬಂದ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಟ್ರ್ಯಾಕ್ಟರ್. ಅದನ್ನು ಓಡಿಸಿ ಹೊಲ ಉಳಬೇಕು, ಬಿತ್ತಬೇಕು, ಕೊಯ್ಯಬೇಕು, ಮಾರಬೇಕು. ಅಲ್ಲಿ ಯಾರೂ ಯಾರಿಗೂ ಗುಂಡು ಹಾರಿಸುವುದಿಲ್ಲ. ಗಾಳಿ ಬೀಸಿದರೆ ಜೋಳದ ಒಂದೊಂದು ತೆನೆಯೂ ಬೇರೆಬೇರೆಯಾಗಿ ತಲೆಯಾಡಿಸುತ್ತದೆ. ಫೆಲೆತಿ ಮರುಳಾದ. ಊರಿಗೆ ಬಂದವನೇ ತನ್ನ ಮನೆಯ ಮುದಿ ಕಂಪ್ಯೂಟರಿಗೆ ಅದೇ ಆಟ ಹಾಕಿ ಕೂತ. ಟ್ರ್ಯಾಕ್ಟರು ಒಂದು ಗೇಣು ಮುಂದೆ ಹೋಯಿತು, ನಿಂತು ಯೋಚಿಸಿತು, ಮತ್ತೆ ಅರ್ಧ ಗೇಣು ಹೋಯಿತು, ಆಮೇಲೆ ಶಾಶ್ವತವಾಗಿ ನಿಂತಿತು.

“ನಿಮ್ಮನ್ನೇ ನೋಡಿದ ಹಾಗಾಗುತ್ತೆ ರೀ,” ಎಂದಳು ಹೆಂಡತಿ ಫುಸಿ.

ಆ ಮಾತು ನಾಟಿತು. ಅಂದೇ ಸಂಜೆ ಬೇರು ಕುಟ್ಟಿ ನೀರಿನಲ್ಲಿ ಕದಡಿದ ಕಾವಾ ಕುಡಿಯುವ ಗಂಡಸರ ಕೂಟದಲ್ಲಿ, ಮರದ ದೊಡ್ಡ ಬಟ್ಟಲಿನ ಸುತ್ತ ಎಲ್ಲರೂ ಚಕ್ಕಂಬಕ್ಕಳ ಹಾಕಿ ಕೂತಿದ್ದಾಗ, ಫೆಲೆತಿ ಗಂಟಲು ಸರಿಮಾಡಿಕೊಂಡ.

“ಕಂಪ್ಯೂಟರನ್ನ ದುಡ್ಡಿದ್ದೋರು ಯಾರು ಬೇಕಾದ್ರೂ ಕೊಳ್ತಾರೆ. ನಾನು ಜೋಡಿಸ್ತೀನಿ. ಒಂದೊಂದು ಭಾಗಾನೂ ನಾನೇ ಆರಿಸಿ, ಕಡಿಮೆ ಖರ್ಚಲ್ಲಿ, ಆಟಕ್ಕೆ ಅಂತಲೇ.”

ಪಕ್ಕದ ಮನೆಯ ಸಿಯೊಸಾಯ ಕಾವಾ ಹೀರುತ್ತಿದ್ದವನು ತೆಂಗಿನ ಚಿಪ್ಪು ಕೆಳಗಿಟ್ಟ. “ಭಾಗ ಅಂದ್ಯಲ್ಲ, ಎಷ್ಟು ಭಾಗ ಇರುತ್ತೋ ಅದರಲ್ಲಿ?”

ಫೆಲೆತಿ ವಿವರಿಸಿದ. ಪ್ರೊಸೆಸರ್ ಅಂದರೆ ಮಿದುಳು. ರ‍್ಯಾಮ್ ಅಂದರೆ ನೆನಪು. ಪವರ್ ಸಪ್ಲೈ ಅಂದರೆ ಹೊಟ್ಟೆ. ಗ್ರಾಫಿಕ್ಸ್ ಕಾರ್ಡ್ ಅಂದರೆ ಚಿತ್ರ ಬಿಡಿಸುವ ಕೈ. ದುಡ್ಡೆಲ್ಲ ಅಲ್ಲೇ ಸುರಿಯಬೇಕು, ಆದರೆ ಮಿದುಳು ಮಂದವಾಗಿದ್ದರೆ ಕೈ ಎಷ್ಟು ಚುರುಕಾಗಿದ್ದರೂ ದಂಡ. ಹಂದಿ ಸುಟ್ಟು ಅಂತಸ್ತಿನ ಪ್ರಕಾರ ಹಂಚುವುದರಲ್ಲಿ ಪಳಗಿದ ಆ ಸಭೆಗೆ ಇದು ತಕ್ಷಣ ಅರ್ಥವಾಯಿತು. ಹೊಟ್ಟೆ ಅಗ್ಗದ್ದಾದರೆ ಏನಾಗುತ್ತದೆ, ನೆನಪು ಒಂದೇ ತುಂಡಾಗಿರಬೇಕೋ ಎರಡು ತುಂಡೋ, ಇವೆಲ್ಲ ಮೂರು ಬಟ್ಟಲು ಕಾವಾ ಖಾಲಿಯಾಗುವಷ್ಟು ಹೊತ್ತು ಚರ್ಚೆಯಾಯಿತು. ಕೊನೆಗೆ ಸಿಯೊಸಾಯ ಕೇಳಿದ:

“ಎಲ್ಲಾ ಸರಿ ಮಾರಾಯ. ದೊಡ್ಡೋರ ಪಾಲಿನ ಬೆನ್ನಿನ ಮಾಂಸ ಯಾವುದು? ಅದು ನಿಮ್ಮತ್ತೆಗೆ ಹೋಗ್ಬೇಕಲ್ಲಾ!”

ಎಲ್ಲರೂ ನಕ್ಕರು. ಫೆಲೆತಿಯೂ ನಕ್ಕ. ನಗಬಾರದಿತ್ತು.

“ನಗೋದು ಹಾಗಿರಲಿ, ಮುಗಿಸ್ತೀಯಾ?” ಎಂದ ಊರಧಿಕಾರಿ ಸೆಮಿಸಿ.

“ಮುಂದಿನ ತಿಂಗಳ ಕೊನೇ ಶನಿವಾರ ಎಲ್ಲರೂ ನಮ್ಮನೆಗೆ ಬನ್ನಿ. ಮುಗಿದಿರದಿದ್ರೆ, ಇನ್ಮೇಲೆ ಈ ಬಟ್ಟಲಿನ ಮುಂದೆ ಬರೀ ಕುಡಿಯೋಕೆ ಬಾಯಿ ತೆಗೀತೀನಿ, ಮಾತಾಡೋಕಲ್ಲ.”

ಸಭೆ ಗಂಭೀರವಾಯಿತು. ಕಾವಾ ಕೂಟದಲ್ಲಿ ಮಾತಿಲ್ಲದೆ ಕೂರುವುದೆಂದರೆ ಅದು ಬದುಕಿದ್ದಾಗಲೇ ಅನುಭವಿಸುವ ತನ್ನದೇ ಶೋಕಾಚರಣೆ. ಫೆಲೆತಿಗಂತೂ ಊಟ ಬಿಡುವುದು ಅದಕ್ಕಿಂತ ಸುಲಭ.

ಇನ್ನು ಅತ್ತೆಯ ವಿಷಯ. ಮೆಲೆನಾಯಿತೆ ಎಂಬ ಈಕೆ ಫೆಲೆತಿಯ ಅಪ್ಪನ ಅಕ್ಕ, ಅಂದರೆ ಸೋದರತ್ತೆ. ನಮ್ಮ ಟೊಂಗಾದಲ್ಲಿ ದೊರೆ ದೇಶಕ್ಕೆ ದೊಡ್ಡವನಿರಬಹುದು, ಮನೆಯೊಳಗೆ ಸೋದರತ್ತೆಯೇ ದೊಡ್ಡವಳು. ತಮ್ಮನ ಮಕ್ಕಳ ಮನೆಯಲ್ಲಿ ಅವಳಿಗೆ ಇಷ್ಟವಾದದ್ದು ಅವಳದ್ದು. ಕೇಳಬೇಕಾಗಿಲ್ಲ. “ಇದು ಚೆನ್ನಾಗಿದೆ” ಎಂದರೆ ಸಾಕು, ಸೋದರಳಿಯ ಎದ್ದು ಅದನ್ನು ಅವಳ ವ್ಯಾನಿಗೆ ಹೊತ್ತು ಹಾಕಬೇಕು. ಮೆಲೆನಾಯಿತೆ ಈ ಮೂರು ಲೋಕದ ಒಡೆತನವನ್ನು ಎಪ್ಪತ್ತು ದಾಟಿದರೂ ಒಂದು ಚೂರೂ ಸಡಿಲಿಸಿರಲಿಲ್ಲ.

ಕಾಲೆಪಿ ಆಕ್ಲೆಂಡಿನಿಂದ ಹಡಗಿನಲ್ಲಿ ಕಳಿಸಿದ ಮೊದಲ ಡ್ರಮ್ಮಿನಲ್ಲಿ, ಹಳೆ ಬಟ್ಟೆ ಮತ್ತು ಮಟನ್ ಡಬ್ಬಿಗಳ ನಡುವೆ, ಕ್ಯಾಬಿನೆಟ್ಟೂ ಪವರ್ ಸಪ್ಲೈಯೂ ಬಂದವು. ಕ್ಯಾಬಿನೆಟ್ಟಿನ ಒಂದು ಪಕ್ಕ ಪೂರ್ತಿ ಗಾಜು. ಒಳಗೆ ಫ್ಯಾನುಗಳು, ಅವು ತಿರುಗಿದರೆ ಕೆಂಪು, ನೀಲಿ, ನೇರಳೆ ಬೆಳಕು. ಭಾನುವಾರ ಪ್ರಾರ್ಥನೆ ಮುಗಿಸಿ, ಭೂಮಿಯೊಳಗಿನ ಒಲೆಯಿಂದ ಗೆಣಸು, ಎಲೆಯಲ್ಲಿ ಸುತ್ತಿದ ಮಾಂಸ ಎಲ್ಲ ತೆಗೆದು ಊಟಕ್ಕೆ ಕೂರುವ ಮುಂಚೆ, ಫೆಲೆತಿ ದೀಪ ಹೇಗೆ ಕಾಣುತ್ತದೆಂದು ಒಂದೇ ಒಂದು ಸಲ ಹಚ್ಚಿ ನೋಡಿದ. ಬಾಗಿಲಲ್ಲಿ ಅತ್ತೆ ನಿಂತಿದ್ದಳು.

“ಏನೋ ಅದು ಫೆಲೆತಿ?”

“ಏನಿಲ್ಲ ಅತ್ತೆ. ಡಬ್ಬ. ಖಾಲಿ ಡಬ್ಬ.”

ಅತ್ತೆ ತಲೆಯನ್ನು ಈ ಕಡೆ ವಾಲಿಸಿ ನೋಡಿದಳು, ಆ ಕಡೆ ವಾಲಿಸಿ ನೋಡಿದಳು. “ಚೆನ್ನಾಗಿದೆ,” ಎಂದಳು.

ಸಂಜೆಯೊಳಗೆ ಅದು, ಪವರ್ ಸಪ್ಲೈ ಸಮೇತ, ಅತ್ತೆಯ ಮನೆಯ ನಡುಕೋಣೆಯಲ್ಲಿತ್ತು. ಒಳಗೆ ಪ್ಲಾಸ್ಟಿಕ್ ಹೂವು, ತೀರಿಕೊಂಡ ಗಂಡನ ಭಾವಚಿತ್ರ. ಮಾವನವರ ಮುಖ ಸರದಿಯ ಪ್ರಕಾರ ಕೆಂಪಾಗಿ, ನೀಲಿಯಾಗಿ, ನೇರಳೆಯಾಗಿ ಬೆಳಗುತ್ತಿತ್ತು. ಬದುಕಿದ್ದಾಗ ಅವರಿಗೆ ಇಷ್ಟು ಭಾವವೈವಿಧ್ಯ ಇರಲಿಲ್ಲವೆಂದು ನೋಡಿದವರೆಲ್ಲ ಹೇಳಿದರು.

ಎರಡನೇ ಡ್ರಮ್ಮಿನಲ್ಲಿ ರ‍್ಯಾಮ್ ಬಂತು. ಎರಡು ಪಟ್ಟಿಗಳು, ಬೆಳ್ಳಿ ಬಣ್ಣ, ಶಾಖ ಹೋಗಲೆಂದು ಮೇಲಂಚಿನಲ್ಲಿ ಸಾಲಾಗಿ ಹಲ್ಲು. ಫೆಲೆತಿ ಈ ಸಲ ಎಚ್ಚರವಾಗಿದ್ದ. ದೀಪ ಹಚ್ಚಲಿಲ್ಲ, ಕಿಟಕಿ ತೆರೆಯಲಿಲ್ಲ, ಅಡುಗೆಮನೆಯ ಕಪಾಟಿನಲ್ಲಿ ಇಟ್ಟ. ಅತ್ತೆ ಉಪ್ಪು ಹುಡುಕಲು ಬಂದಳು.

ಮುಂದಿನ ಭಾನುವಾರ ಚರ್ಚಿನಲ್ಲಿ ಅತ್ತೆ ಮುಂದಿನ ಸಾಲಿನಲ್ಲಿದ್ದಳು. ತುರುಬಿನ ಎರಡೂ ಕಡೆ ಎರಡು ಬೆಳ್ಳಿ ಬಾಚಣಿಗೆ ಮಿಂಚುತ್ತಿದ್ದವು. “ಆಕ್ಲೆಂಡಿಂದ ತರಿಸಿದ್ದಂತೆ,” ಎಂದು ಹೆಂಗಸರು ಪಿಸುಗುಟ್ಟಿದರು. ಪಾದ್ರಿಗಳು ಅಂದು ಉಪದೇಶಕ್ಕೆ ಎತ್ತಿಕೊಂಡದ್ದು ಮರೆವಿನ ವಿಚಾರ. “ನಿಮ್ಮ ನೆನಪು ಎಲ್ಲಿದೆ? ಎಲ್ಲಿಟ್ಟಿದ್ದೀರಿ ನಿಮ್ಮ ನೆನಪನ್ನು?” ಎಂದು ಅವರು ಗುಡುಗಿದಾಗ, ಮೂರನೇ ಸಾಲಿನಲ್ಲಿದ್ದ ಫೆಲೆತಿಗೆ ಅಳು ಬಂತು. ಸಾಮಾನ್ಯವಾಗಿ ತಲೆಯೊಳಗಿರಬೇಕಾದದ್ದು ಈಗ ತಲೆಯ ಮೇಲಿತ್ತು, ಅದೂ ಬೇರೆಯವರ ತಲೆಯ ಮೇಲೆ. ಅವನ ಕಣ್ಣೀರು ನೋಡಿ ಪಾದ್ರಿಗಳು ತಮ್ಮ ಉಪದೇಶ ಇಷ್ಟು ಪರಿಣಾಮಕಾರಿಯಾದದ್ದಕ್ಕೆ ಸಂತೋಷಪಟ್ಟು ಇನ್ನೂ ಅರ್ಧ ಗಂಟೆ ಮುಂದುವರಿಸಿದರು.

ಆ ರಾತ್ರಿ ಫೆಲೆತಿ ಫೋನಿನಲ್ಲಿ, ಕಂಪ್ಯೂಟರ್ ಜೋಡಿಸುವವರೆಲ್ಲ ಸೇರುವ ಒಂದು ಜಾಲತಾಣಕ್ಕೆ ತನ್ನ ಕಷ್ಟ ಬರೆದ. ಅಲ್ಲಿಯವರದು ಒಂದೇ ಧಾಟಿ, ಯಾರು ಏನೇ ಕೇಳಲಿ, ಮೊದಲ ಉತ್ತರ “ಬಜೆಟ್ ಎಷ್ಟು?”

“ಬಜೆಟ್ ಹೇಗೋ ಆಗುತ್ತೆ. ನನಗೆ ಅಡ್ಡ ಬಂದಿರೋದು ಸೋದರತ್ತೆ,” ಎಂದು ಬರೆದ.

ಪ್ರಪಂಚದ ಮೂಲೆಮೂಲೆಯಿಂದ ಪಂಡಿತರು ಎದ್ದು ಬಂದರು. ಬೀಗ ಹಾಕು, ಎಂದ ಬ್ರಿಸ್ಬೇನಿನವನು. ಬೀಗ ಚೆನ್ನಾಗಿದ್ದರೆ ಬೀಗವೂ ಹೋಗುತ್ತೆ, ಎಂದ ಫೆಲೆತಿ. ಕೊಡಲ್ಲ ಅಂತ ಹೇಳು, ಎಂದ ಪರ್ತಿನವನು. ಅವನಿಗೆ ಅತ್ತೆ ಇದ್ದಂತಿರಲಿಲ್ಲ. ಕೊನೆಗೆ ಯಾರೋ ಒಬ್ಬಳು ಬರೆದಳು: ಅವರು ಕಣ್ಣಿಗೆ ಚೆಂದ ಕಂಡದ್ದನ್ನು ತಾನೇ ಒಯ್ಯೋದು? ಕುರೂಪಿಯನ್ನೇ ಆರಿಸು.

ಫೆಲೆತಿ ಆಗಲೇ ಕಾಲೆಪಿಗೆ ಫೋನು ಹಚ್ಚಿದ. “ತಮ್ಮಾ, ಇನ್ನು ಮುಂದೆ ಚೆಂದದ್ದು ಕಳಿಸ್ಬೇಡ. ನೋಡಿದ್ರೆ ವಾಕರಿಕೆ ಬರ್ಬೇಕು, ಅಂಥದ್ದು ನೋಡು.”

“ಅಣ್ಣಾ, ಗೇಮಿಂಗ್ ಅಂದ್ಮೇಲೆ ದೀಪ ಇರ್ಬೇಕಲ್ವಾ?”

“ದೀಪ ಇರೋ ಕಡೆ ಅತ್ತೆ ಇರ್ತಾರೆ.”

ಕಾಲೆಪಿಗೆ ಅರ್ಥವಾಯಿತು. ಅವನಿಗೂ ಅವಳೇ ಅತ್ತೆ. ಆಕ್ಲೆಂಡಿಗೆ ವಲಸೆ ಹೋದದ್ದಕ್ಕೆ ಅವನು ಹೇಳುತ್ತಿದ್ದ ಕಾರಣ ಉದ್ಯೋಗ, ಹೇಳದಿದ್ದ ಕಾರಣ ಅತ್ತೆಗೆ ಇಷ್ಟವಾಗಿಹೋದ ಅವನ ಹಳೆಯ ಗಿಟಾರು. ಅಂಗಡಿಗೆ ಹೋಗಿ, “ನಿಮ್ಮಲ್ಲಿರೋದರಲ್ಲೇ ಅತಿ ವಿಕಾರವಾದ ಫ್ಯಾನ್ ಕೊಡಿ” ಎಂದ. ಅಂಗಡಿಯವನು ಕಣ್ಣರಳಿಸಿ ಒಂದು ಕಂದು ಬಣ್ಣದ್ದನ್ನು ತೆಗೆದ. ಹಾಲು ಜಾಸ್ತಿಯಾದ ಕೋಕೋ ಒಣಗಿ ಗಟ್ಟಿಯಾದಂಥ ಬಣ್ಣ. “ವಿಷಯ ಗೊತ್ತಿರೋರು ಇದನ್ನೇ ಕೇಳೋದು ಸಾರ್. ಸದ್ದಿಲ್ಲ, ತಂಪು.” ಯಾವುದೋ ಕಚೇರಿಯವರು ಬಿಟ್ಟುಕೊಟ್ಟ, ಕಪ್ಪು ತಗಡಿನಂಥ ಗ್ರಾಫಿಕ್ಸ್ ಕಾರ್ಡು ಅರ್ಧ ಬೆಲೆಗೆ ಸಿಕ್ಕಿತು. ರ‍್ಯಾಮು ಹಲ್ಲಿಲ್ಲದ್ದು, ಬೋಳು ಹಸಿರು. ಪವರ್ ಸಪ್ಲೈ ಆರಿಸುವಾಗ ಫೆಲೆತಿ ಫೋನಿನಲ್ಲಿಯೇ ತನ್ನ ವೃತ್ತಿಧರ್ಮ ಮೆರೆದ: “ಯಾವುದು ಭಾರ ಇದೆ ನೋಡೋ. ತೂಕ ಸುಳ್ಳು ಹೇಳಲ್ಲ.” ಕಾಲೆಪಿ ಎರಡು ಕೈಯಲ್ಲಿ ಎರಡು ಪೆಟ್ಟಿಗೆ ಹಿಡಿದು ಅಂಗಡಿಯ ನಡುವೆ ತಕ್ಕಡಿಯಾಗಿ ನಿಂತ.

ಹೀಗೆ ಚೆಂದವನ್ನು ಬಿಟ್ಟು ಆರಿಸುತ್ತಾ ಹೋದಂತೆ ಖರ್ಚು ಕಡಿಮೆಯಾಗುತ್ತಾ, ಯಂತ್ರ ಉತ್ತಮವಾಗುತ್ತಾ ಬಂತು. ಇದು ಫೆಲೆತಿಗೆ ತಿಳಿಯಲಿಲ್ಲ. ಅವನ ಗಮನವೆಲ್ಲ ವಿಕಾರದ ಕಡೆಗಿತ್ತು. ಕ್ಯಾಬಿನೆಟ್ಟಿಗೆ ಬದಲು, ಕೋಳಿಮರಿ ಸಾಕುತ್ತಿದ್ದ ಮರದ ಪೆಟ್ಟಿಗೆ. ಮೂರನೇ ಡ್ರಮ್ಮಿನಲ್ಲಿ ಪ್ರೊಸೆಸರ್ ಸಮೇತ ಬಂದದ್ದನ್ನೆಲ್ಲ ಒಳಗೆ ಜೋಡಿಸಿ, ಪೆಟ್ಟಿಗೆಗೆ ಬೇಕೆಂದೇ ಸ್ವಲ್ಪ ಕೆಸರು ಬಳಿದ. ದೂರ ನಿಂತು ನೋಡಿದ. ತೃಪ್ತಿಯಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಶನಿವಾರ ಹತ್ತಿರ ಬಂದಂತೆ ಅವನಿಗೆ ದಿಗಿಲು. ಒಂದು ವೇಳೆ ಅತ್ತೆಗೆ ಕೋಳಿಪೆಟ್ಟಿಗೆ ಬೇಕೆನಿಸಿದರೆ? ಅದಕ್ಕೆ ಏನಾದರೂ ಹೊದಿಸಿಬಿಡೋಣವೆಂದು ಪೆಠಾರಿಗೆ ಕೈಹಾಕಿ, ಕೈಗೆ ಸಿಕ್ಕಿದ್ದನ್ನು ಎಳೆದು ಹೊದಿಸಿದ. ಸಿಕ್ಕಿದ್ದು ಫುಸಿಯ ಮದುವೆಯ ನಯವಾದ ಚಾಪೆ, ಅವಳ ಅಜ್ಜಿ ವರ್ಷಗಟ್ಟಲೆ ನೇಯ್ದದ್ದು.

“ರೀ! ಸತ್ತೋರಿಗೆ, ಮದುವೆಯಾಗೋರಿಗೆ ಹೊದಿಸೋ ಚಾಪೆ ಅದು! ನಿಮ್ಮ ಪೆಟ್ಟಿಗೆ ಸತ್ತಿದ್ಯಾ, ಮದುವೆಯಾಗ್ತಿದ್ಯಾ?”

“ಮೆತ್ತಗೆ ಮಾತಾಡೇ, ಸಿಯೊಸಾಯ ಬೇಲಿ ಹತ್ರ ಇದ್ದಾನೆ.”

ಸಿಯೊಸಾಯ ಬೇಲಿಯ ಹತ್ತಿರವೇ ಇದ್ದ, ಕಿಟಕಿಯಿಂದ ಎಲ್ಲ ನೋಡಿಯೂ ಇದ್ದ. ಅವನ ತರ್ಕ ಸರಳವಾಗಿತ್ತು: ಅಂಥ ಚಾಪೆ ಹೊದಿಸಿದ್ದಾನೆಂದರೆ ಕೆಳಗಿರುವುದು ಚಾಪೆಗಿಂತ ಬೆಲೆಬಾಳುವಂಥದ್ದೇ. ಈ ತರ್ಕ ಬ್ರೆಡ್ಡಿನ ಅಂಗಡಿ ತಲುಪುವಷ್ಟರಲ್ಲಿ ಫೆಲೆತಿ ಆಕ್ಲೆಂಡಿನಿಂದ ಇನ್ನೂ ದೊಡ್ಡ ಗಾಜಿನ ಪೆಟ್ಟಿಗೆ ತರಿಸಿದ್ದ. ಹಾಡುವವರ ತಾಲೀಮಿಗೆ ತಲುಪುವಷ್ಟರಲ್ಲಿ ಅದು ಹೊಗೆ ಬಿಡುತ್ತಿತ್ತು. ಆದರೆ ಎಲ್ಲ ಆವೃತ್ತಿಗಳಲ್ಲೂ ಒಂದು ಮಾತು ಬದಲಾಗಲಿಲ್ಲ, ಅದೇ ಊರನ್ನು ನಡುಗಿಸಿದ್ದು: ಫೆಲೆತಿ ಸೋದರತ್ತೆಯಿಂದ ಬಚ್ಚಿಟ್ಟಿದ್ದಾನೆ.

ಊರಧಿಕಾರಿ ಸೆಮಿಸಿ ಬಂದ. ಖಾಸಗಿಯಾಗಿ ಬಂದಿದ್ದರೂ ಸರಕಾರಿ ದನಿಯಲ್ಲಿ ಮಾತಾಡಿದ. “ಫೆಲೆತಿಯವರೇ, ತಮ್ಮ ನಿವಾಸದಲ್ಲಿ ಚಾಪೆ-ಆಚ್ಛಾದಿತ ವಸ್ತುವೊಂದು ಇರುವುದಾಗಿ ಸಾರ್ವಜನಿಕರಿಂದ ಮಾಹಿತಿ ಬಂದಿದೆ. ಸದರಿ ವಸ್ತು ಏನು?”

“ಸೆಮಿಸಿ, ನಾವಿಬ್ರೂ ಒಂದೇ ಬೆಂಚಲ್ಲಿ ಓದಿದೋರು ಕಣೋ.”

“ಅದು ಬೇರೆ ವಿಷಯ. ಒಂಚೂರು ಎತ್ತಿ ತೋರ್ಸೋ, ಪ್ಲೀಸ್, ಕುತೂಹಲ ತಡೆಯಕ್ಕಾಗ್ತಿಲ್ಲ.”

ಫೆಲೆತಿ ತೋರಿಸಲಿಲ್ಲ. ಪಾದ್ರಿಗಳು ಬಂದರು. ಒಂದು ಕಣ್ಣು ಸ್ವರ್ಗದ ಕಡೆಗೂ ಇನ್ನೊಂದು ಚಾಪೆಯ ಕಡೆಗೂ ನೆಟ್ಟು, “ಮಗೂ, ಮುಚ್ಚಿಟ್ಟದ್ದು ಯಾವುದೂ ಬಯಲಾಗದೆ ಇರುವುದಿಲ್ಲ... ಬಯಲಾಗುವುದು ಎಷ್ಟು ಗಂಟೆಗೆ?” ಎಂದರು.

ಕೊನೆಗೆ ಅತ್ತೆಯಿಂದಲೇ ಹೇಳಿಕೆ ಬಂತು. ಶನಿವಾರ ತಾನೂ ಬರುತ್ತಾಳೆ.

ಶನಿವಾರ ಸಂಜೆ ಅಂಗಳ ತುಂಬಿತು. ಒಳಗೆ ಒಂದೇ ಕುರ್ಚಿ. ಅದರಲ್ಲಿ ಅತ್ತೆ, ಬೆಳ್ಳಿ ಬಾಚಣಿಗೆ ಸಮೇತ. ಉಳಿದವರೆಲ್ಲ ಕೆಳಗೆ, ಕಿಟಕಿಯಲ್ಲಿ, ಬಾಗಿಲಲ್ಲಿ. ಅತ್ತೆ ಊರುಗೋಲಿನಿಂದ ಚಾಪೆಯನ್ನು ತೋರಿಸಿದಳು.

ಫೆಲೆತಿ ಚಾಪೆ ಎತ್ತಿದ.

ಪೆಟ್ಟಿಗೆಯ ಮೇಲೆ ಒಣಗಿದ ಕೆಸರು, ಒಂದು ಮೂಲೆಯಲ್ಲಿ ಕೋಳಿಯ ಪುಕ್ಕ. ಸಂದಿಯಿಂದ ಕಂದು ಫ್ಯಾನು ಇಣುಕುತ್ತಿತ್ತು.

“ಥೂ,” ಎಂದಳು ಅತ್ತೆ.

ಫೆಲೆತಿಯ ಜೀವಮಾನದಲ್ಲಿ ಯಾವ ಹೊಗಳಿಕೆಯೂ ಕಿವಿಗೆ ಅಷ್ಟು ಇಂಪಾಗಿ ಕೇಳಿರಲಿಲ್ಲ. “ಹೌದು ಅತ್ತೆ! ಅಸಹ್ಯ! ನಿಮ್ಮ ಕಣ್ಣಿಗೆ ಬೀಳ್ಬಾರ್ದು ಅಂತಲೇ ಹೊದಿಸಿದ್ದೆ!”

“ಅಷ್ಟೆಲ್ಲ ಮುಚ್ಚಿ ಸಾಕಿದ್ದು ಇದನ್ನಾ? ಬದುಕಿದೆಯಾ ಅದು?”

ಆ ಪ್ರಶ್ನೆ ಎಲ್ಲರದ್ದೂ ಆಗಿತ್ತು. ಫೆಲೆತಿ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಸಿಯೊಸಾಯ ಹಲ್ಲು ಬಿಟ್ಟು, “ಅರ್ಧ...” ಎಂದು ಶುರುಮಾಡಿದ. ಫುಸಿ ಗಂಡನ ಮುಖ ನೋಡಿದಳು. ಅವನ ಬಾಯಿ ಮುಂದಿನ ವರ್ಷಗಳ ಮೌನವನ್ನು ಈಗಲೇ ಅಭ್ಯಾಸ ಮಾಡುತ್ತಿದ್ದಂತೆ ಮುಚ್ಚಿಕೊಂಡಿತ್ತು. ಅವಳು ಎದ್ದು ಗೋಡೆಯ ಸ್ವಿಚ್ಚು ಹಾಕಿದಳು. ಕಂದು ಫ್ಯಾನು ಸದ್ದಿಲ್ಲದೆ ತಿರುಗಿತು. ಪರದೆ ಬೆಳಗಿತು. ಗಾಳಿ ಬೀಸಿತು, ಮತ್ತು ಇಡೀ ಒಂದು ಹೊಲದ ಜೋಳ, ಒಂದೊಂದು ತೆನೆಯೂ ಬೇರೆಬೇರೆಯಾಗಿ, ಊರಿನವರಿಗೆ ತಲೆಯಾಡಿಸಿ ನಮಸ್ಕಾರ ಹೇಳಿತು.

“ಮುಗಿಸಿದ ಕಣ್ರೋ!” ಎಂದು ಸೆಮಿಸಿ ಸರಕಾರಿ ದನಿಯನ್ನೇ ಮರೆತು ಕೂಗಿದ. “ಇವನು ಮುಗಿಸಿದ!”

ಫೆಲೆತಿ ನೆಲದ ಮೇಲೆ ಕೂತು, ಜೋಳದ ಪಕ್ಕದ ಖಾಲಿ ಹೊಲದಲ್ಲಿ ಟ್ರ್ಯಾಕ್ಟರ್ ಚಾಲೂ ಮಾಡಿದ. ಜನ ಒತ್ತರಿಸಿಕೊಂಡು ಬಂದರು. ಅದು ನಿಲ್ಲಲಿಲ್ಲ, ಯೋಚಿಸಲಿಲ್ಲ, ಸರಾಗವಾಗಿ ಹೋಯಿತು. ನೇಗಿಲ ಹಿಂದೆ ಕರಿಮಣ್ಣು ಮಗುಚಿತು.

“ಸೊಟ್ಟ,” ಎಂದಳು ಅತ್ತೆ.

“ಏನತ್ತೆ?”

“ಸಾಲು ಸೊಟ್ಟ. ನಿಮ್ಮಪ್ಪನೂ ಹೀಗೇ ಉಳ್ತಿದ್ದ. ಸರಿಯೋ ಆಚೆ. ಯಾವುದನ್ನ ಒತ್ಬೇಕು?”

ಅತ್ತೆ ಮೊದಲು ಬೇಲಿಗೆ ಗುದ್ದಿದಳು. ಆಮೇಲೆ ಒಂದು ಹಸುವಿಗೆ. ಆಮೇಲೆ ಊರುಗೋಲನ್ನು ಪಾದ್ರಿಗಳ ಕೈಗೆ ಕೊಟ್ಟು, ಕುರ್ಚಿ ಮುಂದಕ್ಕೆಳೆದುಕೊಂಡು, ಹಗ್ಗ ಹಿಡಿದು ಎಳೆದಂತೆ ನೆಟ್ಟಗೆ ಒಂದು ಸಾಲು ಹೊಡೆದಳು. ಆ ಸಾಲಿನ ಪಕ್ಕ ಇನ್ನೊಂದು. ಅಂಗಳದಲ್ಲಿ ಕಾವಾ ಬಟ್ಟಲಿನಲ್ಲಿ ತಣ್ಣಗೆ ಕಾಯುತ್ತಿತ್ತು. ಯಾರಿಗೂ ಅದರ ಪರಿವೆಯಿರಲಿಲ್ಲ. ಹೊಲ ಮುಗಿದಾಗ ಅತ್ತೆ ಹಿಂದಕ್ಕೊರಗಿ ನಿಟ್ಟುಸಿರು ಬಿಟ್ಟಳು.

“ಇದು ಚೆನ್ನಾಗಿದೆ,” ಎಂದಳು.

ಫುಸಿ ಕಣ್ಣು ಮುಚ್ಚಿಕೊಂಡಳು. ಫೆಲೆತಿ ಎದ್ದ. ಅಳಲಿಲ್ಲ, ಅಭ್ಯಾಸಬಲ. ಪೆಟ್ಟಿಗೆಯ ಎರಡೂ ಪಕ್ಕ ಕೈ ಹಾಕಿದ. ಅಷ್ಟರಲ್ಲಿ ಸೆಮಿಸಿ ಗಂಟಲು ಕೆರೆದ.

“ಅತ್ತೇರು ಒಯ್ಯೋ ಮುಂಚೆ, ಊರ ಸಭಾಭವನಕ್ಕೆ ಒಂದು ತಿಂಗಳು...”

“ನಮ್ಮ ಯುವಕರ ಕೂಟಕ್ಕೂ ಅತ್ಯಗತ್ಯವಾಗಿತ್ತು,” ಎಂದರು ಪಾದ್ರಿಗಳು, ಊರುಗೋಲು ಹಿಡಿದೇ.

“ನಂಗೆ ಬರೀ ಒಂದ್ ವಾರ ಸಾಕು ಮಾರಾಯ, ಪಕ್ಕದ ಮನೆಯೋನು ನಾನು,” ಎಂದ ಸಿಯೊಸಾಯ.

ನಮ್ಮ ಕಡೆ ಬಾಯಿಬಿಟ್ಟು ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿಯಿಲ್ಲ. ಫೆಲೆತಿ ಆ ಮೂವರನ್ನೂ ನೋಡಿದ. ತಾನು ಮುಗಿಸಿದ ಒಂದೇ ಒಂದು ಕೆಲಸ ತಿಂಗಳು, ವಾರಗಳ ಲೆಕ್ಕದಲ್ಲಿ ಊರೆಲ್ಲ ಸುತ್ತಿ, ತಿರುಗಿ ಬರುವಾಗ ಬರೀ ಪೆಟ್ಟಿಗೆಯಾಗಿ ಬರುವುದು ಅವನ ಕಣ್ಣಿಗೆ ಕಟ್ಟಿತು.

“ಯಾರದು ಕೇಳ್ತಿರೋದು?” ಅತ್ತೆ ತಿರುಗಲಿಲ್ಲ, ದನಿ ಮಾತ್ರ ತಿರುಗಿತು. “ಚೆನ್ನಾಗಿದೆ ಅಂತ ನಾನು ಹೇಳಿಯಾಯ್ತು. ಕಿವಿ ಕೇಳಿಸ್ತಾ? ಇದು ನನ್ನದು. ನನ್ನದನ್ನ ಕೇಳೋರು ಯಾರಿದ್ದಾರೋ ಈ ಊರಲ್ಲಿ?”

ಯಾರೂ ಇರಲಿಲ್ಲ. ಪಾದ್ರಿಗಳೂ ಸ್ವರ್ಗದ ಕಡೆ ನೋಡಿದರು. ಅಲ್ಲಿಯೂ ಯಾರೂ ಇದ್ದಂತೆ ಕಾಣಲಿಲ್ಲ.

“ನೀನ್ಯಾಕೋ ಅದನ್ನ ಎತ್ತುತ್ತಿದ್ದೀಯ?” ಎಂದಳು ಫೆಲೆತಿಗೆ.

“ವ್ಯಾನಿಗೆ ಹಾಕೋಕೆ ಅತ್ತೆ.”

“ಕೋಳಿ ಹಿಕ್ಕೆ ಮೆತ್ತಿರೋ ಈ ವಿಕಾರಾನ ನನ್ನ ನಡುಕೋಣೇಲಿ ಇಡ್ಲಾ? ನಿಮ್ಮ ಮಾವನ ಎದುರಿಗೆ? ಇಲ್ಲೇ ಇರ್ಲಿ. ನನ್ನದು ಅದು, ನೀನು ನೋಡ್ಕೋ. ಯಾರಾದ್ರೂ ಮುಟ್ಟಿದ್ರೆ ನಂಗೆ ಹೇಳು.”

ಫೆಲೆತಿ ಪೆಟ್ಟಿಗೆಯನ್ನು ಇದ್ದಲ್ಲೇ ಇಳಿಸಿದ. ಹೀಗೆ, ತನ್ನದಲ್ಲ ಎಂಬ ಒಂದೇ ಕಾರಣಕ್ಕೆ, ಅದು ಅವನ ಮನೆಯಲ್ಲಿ ಉಳಿಯಿತು. ಜನ ಒಬ್ಬೊಬ್ಬರಾಗಿ ಅಂಗಳಕ್ಕೆ, ಕಾವಾ ಬಟ್ಟಲಿನ ಕಡೆಗೆ ಸರಿದರು. “ಬಾರೋ ಫೆಲೆತಿ, ಈ ಹೊತ್ತು ಮೊದಲ ಮಾತು ನಿಂದೇ,” ಎಂದು ಸೆಮಿಸಿ ಕರೆದ. ಹೋಗಬೇಕೆಂದು ಅವನಿಗೂ ಆಸೆ. ಆದರೆ ಪರದೆಯಿಂದ ಕಣ್ಣು ಕೀಳಲಾಗಲಿಲ್ಲ. ಅತ್ತೆ ಬೆಳೆದು ನಿಂತಿದ್ದ ಹೊಲದ ಕೊಯ್ಲು ಮುಗಿಸಿ ಜೋಳ ಮಾರಿದ್ದಳು. ಮೇಲಿನ ಮೂಲೆಯಲ್ಲಿ ಆಟದ ದುಡ್ಡು ಜಮೆಯಾಗಿತ್ತು.

“ಇದು ಯಾರ ದುಡ್ಡೋ?”

“ನಂದೇ ಅತ್ತೆ,” ಎಂದ ಫೆಲೆತಿ, ಮರೆತು.

ಅತ್ತೆ ಅಂಗಡಿಯ ಚಿತ್ರ ಒತ್ತಿದಳು. ಸಾಲಾಗಿ ನಿಂತಿದ್ದ ಯಂತ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ, ಕೆಂಪಗೆ ಹೊಳೆಯುವ, ಎಂಟು ಚಕ್ರದ ಟ್ರ್ಯಾಕ್ಟರಿನ ಮುಂದೆ ನಿಂತು, ತಲೆಯನ್ನು ಈ ಕಡೆ ವಾಲಿಸಿದಳು, ಆ ಕಡೆ ವಾಲಿಸಿದಳು. ಒತ್ತಿದಳು. ಮೂಲೆಯ ದುಡ್ಡು ಸೊನ್ನೆಯಾಯಿತು.

“ಅತ್ತೆ, ಹಾಗಾದ್ರೆ ನಾನು ಉಳೋದು ಯಾವುದರಲ್ಲಿ?”

“ಆ ಹಳೇದಿದೆಯಲ್ಲೋ,” ಎಂದಳು ಮೆಲೆನಾಯಿತೆ, ಕೆಂಪು ಟ್ರ್ಯಾಕ್ಟರನ್ನು ಹೊಲಕ್ಕೆ ತಿರುಗಿಸುತ್ತಾ. “ನಾನು ಊಟಕ್ಕೆ ಎದ್ದಾಗ ಓಡಿಸ್ಕೋ.”

ಅಡುಗೆಮನೆಯಿಂದ ಫುಸಿ ಊಟಕ್ಕೆ ಕರೆದಳು. ಅತ್ತೆ ಹೇಳಿದಳು: “ಇಲ್ಲಿಗೇ ತಂದ್ಕೊಡು ಮಗಳೇ.”